ಡಬ್ಬದ ಲೆಕ್ಕದ ಚೀಟಿ, ಅದರ ಹಿಂದೆ 181

ಅಡಿಕೆ ಸುಲಿಯುವ ಹೆಂಗಸರಿಗೆ ಲೈಂಗಿಕ ಕಿರುಕುಳದ ಕಾನೂನು ತಲುಪಿಸೋದು ಆಗದ ಕೆಲಸ ಅಂತ ನನಗೆ ಹೇಳದವರಿಲ್ಲ. "ಕೂಲಿ ಬಿಟ್ಟು ಯಾರು ಬರ್ತಾರೆ? ಬಂದರೂ ಯಾರು ಬಾಯಿ ಬಿಡ್ತಾರೆ?" ಅಂದವರೇ ಈಗ ನಾನು ಅಚ್ಚು ಹಾಕಿಸಿದ ಕೂಲಿ ಲೆಕ್ಕದ ಚೀಟಿಯ ಮಾದರಿ ಕೇಳುತ್ತಿದ್ದಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಾಡಿದ್ದನ್ನು ಬರೆಯುತ್ತಿದ್ದೇನೆ. ಮಹಿಳಾ ಸಂಘಗಳ ಜೊತೆ ಓಡಾಡುವ ನಿಮಗೆ ಕಾನೂನಿನ ಮೊದಲ ಪಾಠ ಬೇಕಿಲ್ಲ.

ಶುರುವಿನಲ್ಲಿ ದುಡ್ಡೆಲ್ಲ ಸಭೆಗೆ ಹೋಯಿತು. ಸಮುದಾಯ ಭವನ, ಮೈಕ್, ಕುರ್ಚಿ, ವಕೀಲರಿಗೆ ಕಾರು, ಉಪ್ಪಿಟ್ಟು, ಕಾಫಿ. ಒಂದು ಸಭೆಗೆ ಆರೇಳು ಸಾವಿರ. ಬಂದವರು ಸಂಘದ ಸಾಲಕ್ಕೆ ಸಹಿ ಹಾಕಬೇಕಿದ್ದವರು. ಸುಲಿಯುವವರು ಒಬ್ಬರೂ ಇಲ್ಲ. ಸುಗ್ಗಿಯಲ್ಲಿ ಅವರು ರಾತ್ರಿ ಹತ್ತಾದರೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಬಿಟ್ಟು ಏಳುವುದಿಲ್ಲ, ಅಲ್ವಾ? ಆಮೇಲೆ ಕರಪತ್ರ ಮಾಡಿಸಿದೆವು. ಮೂರು ಸಾವಿರದ ಚಿಲ್ಲರೆ. ಅದು ನೇರ ಬಚ್ಚಲೊಲೆಗೆ ಹೋಯಿತು.

ಹಾಗಾದರೆ ಅವರು ಬಿಸಾಡದ ಕಾಗದ ಯಾವುದು? ಡಬ್ಬದ ಲೆಕ್ಕ ಬರೆಯುವ ಚೀಟಿ. ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದೇ ಕೂಲಿ, ದಿನಕ್ಕೆ ಎಷ್ಟು ಡಬ್ಬ ಸುಲಿದರು ಅನ್ನೋದು ಅದರಲ್ಲಿರುತ್ತದೆ. ಕೂಲಿ ಕೈಗೆ ಬರುವ ತನಕ ಅದನ್ನು ಅಕ್ಕಿ ಡಬ್ಬಿಯಲ್ಲೋ ರವಿಕೆಯೊಳಗೋ ಜೋಪಾನ ಮಾಡುತ್ತಾರೆ. ಗಂಡಂದಿರೂ ಅದನ್ನು ಹರಿಯುವುದಿಲ್ಲ, ದುಡ್ಡಿನ ಕಾಗದ. ಆ ಚೀಟಿಯನ್ನು ನಾವೇ ಅಚ್ಚು ಹಾಕಿಸಿ ಪುಕ್ಕಟೆ ಕೊಡೋಣ, ಹಿಂದೆ ಸಹಾಯವಾಣಿಗಳ ನಂಬರು ಹಾಕೋಣ ಅಂದೆ. ನಮ್ಮ ಒಕ್ಕೂಟದಲ್ಲೇ ನಕ್ಕರು.

ಮೊದಲ ಕಂತಿನಲ್ಲಿ ಹಿಂಬದಿಗೆ "ಲೈಂಗಿಕ ದೌರ್ಜನ್ಯ" ಅಂತ ದಪ್ಪ ಅಕ್ಷರ ಹಾಕಿಸಿದ್ದೆವು. ಚೀಟಿಗಳು ಚಪ್ಪರದಲ್ಲೇ ಬಿದ್ದಿದ್ದವು. ಎರಡನೆಯದು ಅಡಿಕೆಯ ಚೊಗರು ತಾಗಿ ಕಪ್ಪಾಯಿತು. ಮೂರನೆಯದಕ್ಕೆ ಲ್ಯಾಮಿನೇಷನ್ ಮಾಡಿಸಿದರೆ ಪೆನ್ನು ಹಿಡಿಯಲೇ ಇಲ್ಲ, ಎರಡು ಸಾವಿರ ನೀರಿಗೆ ಹೋಯಿತು. ಈಗಿನದು ದಪ್ಪ ರಟ್ಟು, ಹಿಂಬದಿಗೆ ಮಾತ್ರ ಮೆರುಗು. ಸಾವಿರ ಚೀಟಿಗೆ ಎರಡೂವರೆ ಸಾವಿರದ ಆಸುಪಾಸು. ಹಿಂದೆ ನಾಲ್ಕೇ ನಂಬರು: ಪೊಲೀಸಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಪುಕ್ಕಟೆ ವಕೀಲರಿಗೆ 15100. ಆ ನಂಬರುಗಳ ಮೇಲೆ ಯಾವ ತಲೆಬರಹ ಹಾಕಿದ್ದೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಯಾರಿಗೆ ಗೊತ್ತಾಗಬಾರದೋ ಅವರಿಗೂ ಗೊತ್ತಾಗುತ್ತದೆ.

ಚೀಟಿ ಕೊಟ್ಟು ಬಂದರೆ ಸಾಲದು. ನಾನೂ ಮೆಟ್ಟುಗತ್ತಿ ಹಿಡಿದು ಕೂತೆ. ಕೈ ಕೆಲಸದಲ್ಲಿದ್ದಾಗ, ಯಾರೂ ಯಾರ ಮುಖವನ್ನೂ ನೋಡದಿದ್ದಾಗ, ಮಾತು ತಾನಾಗಿ ಬರುತ್ತದೆ. "ಅಕ್ಕಾ, ಬಟ್ಟೆ ತೊಳೆದುಬಿಟ್ರೆ ಕೇಸು ಆಗಲ್ವಂತಲ್ಲ?" ಅಂತ ಒಬ್ಬಳು ಅಡಿಕೆ ನೋಡುತ್ತಲೇ ಕೇಳಿದಳು. ತೊಳೆದರೂ ದೂರು ಕೊಡಬಹುದು, ತೊಳೆಯದಿದ್ದರೆ ಒಳ್ಳೆಯದು ಅಂದೆ. ಬಟ್ಟೆಯನ್ನು ಕಾಗದದಲ್ಲಿ ಸುತ್ತಿಡಬೇಕು, ಪ್ಲಾಸ್ಟಿಕ್‌ನಲ್ಲಿ ಬೇಡ ಅಂದಾಗ ಯಾಕೆ ಅಂತ ಯಾರೂ ಕೇಳಲಿಲ್ಲ. ಹಸಿ ಅಡಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ನಿಂತು ಬೂಸ್ಟು ಬರುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅತ್ಯಾಚಾರವಾಗಿದ್ದರೆ ಆಸ್ಪತ್ರೆಗೆ ಮೊದಲು ಹೋಗಬಹುದು, ಎಫ್ಐಆರ್ ಕೈಯಲ್ಲಿರಬೇಕಿಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ಚಿಕಿತ್ಸೆ ಪುಕ್ಕಟೆ ಕೊಡಲೇಬೇಕು. ಎಚ್ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಮೊದಲೇ ಸಂಬಂಧ ಇತ್ತಾ ಅಂತ ನೋಡುವ ಎರಡು ಬೆರಳಿನ ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ. ಇದನ್ನು ಹೇಳಿದ ಮೇಲೆ ಹೆಂಗಸರ ಅರ್ಧ ಹೆದರಿಕೆ ಇಳಿಯುತ್ತದೆ.

ರಜೆಯಲ್ಲಿ ಸುಲಿಯಲು ಬರುವ ಹುಡುಗಿಯರ ವಿಷಯ ಬೇರೆ. ಹದಿನೆಂಟರೊಳಗಿನವರ ಮೇಲೆ ದೌರ್ಜನ್ಯ ಆಗಿದ್ದು ಗೊತ್ತಾದರೆ, ಮಕ್ಕಳ ರಕ್ಷಣೆಯ ಪೋಕ್ಸೋ ಕಾಯ್ದೆ ಪ್ರಕಾರ ನಾವು ಪೊಲೀಸರಿಗೆ ತಿಳಿಸಲೇಬೇಕು. ಅವರು ಮಾತು ಶುರು ಮಾಡುವ ಮೊದಲೇ ಇದನ್ನು ಹೇಳಿಬಿಡುತ್ತೇನೆ. ಹೇಳಿಕೆ ಬರೆದುಕೊಳ್ಳುವ ಪೊಲೀಸರು ಮನೆಗೇ ಬರುತ್ತಾರೆ, ಯೂನಿಫಾರ್ಮ್ ಹಾಕಿರುವುದಿಲ್ಲ ಅನ್ನೋದನ್ನೂ ಸೇರಿಸುತ್ತೇನೆ.

ಚೀಟಿ ಗೆದ್ದ ಪ್ರಕರಣ ಇದು. ಒಪ್ಪಿಗೆ ಪಡೆದು, ಊರಿನ ಹೆಸರು ಬಿಟ್ಟು ಹೇಳುತ್ತಿದ್ದೇನೆ. ಬಯಲುಸೀಮೆಯಿಂದ ಬಂದಿದ್ದ ಹೆಂಗಸು. ಕೂಲಿ ಕೊಡುವ ನೆಪದಲ್ಲಿ ಚೇಣಿದಾರ (ತೋಟದ ಫಸಲು ಗುತ್ತಿಗೆ ಹಿಡಿದವನು) ಅಡಿಕೆ ಮನೆಯೊಳಗೆ ಕೈ ಹಿಡಿದು ಎಳೆದಿದ್ದ. ಊರಿಗೆ ಹೋದ ಮೇಲೆ ಚೀಟಿ ನೋಡಿ 181ಕ್ಕೆ ಫೋನ್ ಮಾಡಿದಳು. ಅಲ್ಲಿನ ಠಾಣೆಯವರು "ನಮ್ಮ ಸರಹದ್ದಲ್ಲ" ಅಂದರು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಆ ಮಾತು ನಡೆಯುವುದಿಲ್ಲ. ಎಲ್ಲಿ ನಡೆದರೂ ಯಾವ ಠಾಣೆಯಾದರೂ ಬರೆದುಕೊಳ್ಳಬೇಕು. ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಮಿನಂಥ (ಹೆಂಗಸಿನ ಮಾನಕ್ಕೆ ಕೈ ಹಾಕಿದ್ದರ) ದೂರು ಬರೆದುಕೊಳ್ಳದ ಅಧಿಕಾರಿಗೇ ಆರು ತಿಂಗಳಿಗೆ ಕಡಿಮೆಯಿಲ್ಲದ ಜೈಲು. ಈ ಶಿಕ್ಷೆಯ ಕಲಮನ್ನು ಪುಕ್ಕಟೆ ವಕೀಲರು ಫೋನಿನಲ್ಲೇ ಓದಿ ಹೇಳಿದರು. ಎಫ್ಐಆರ್ ಆಯಿತು.

ಜೊತೆಗೆ ಜಿಲ್ಲೆಯ ಸ್ಥಳೀಯ ಸಮಿತಿಗೂ ದೂರು ಹಾಕಿದೆವು. ಹತ್ತು ಜನಕ್ಕಿಂತ ಕಡಿಮೆ ಕೆಲಸದವರಿದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತೋರಿಸುವ ಜಾಗ ಅದು. ನಮ್ಮ ಕಡೆ ತೊಡಕು ಇರುವುದು ಗಡುವಿನಲ್ಲಿ. ಮೂರು ತಿಂಗಳೊಳಗೆ ದೂರು ಕೊಡಬೇಕು, ಅಷ್ಟರಲ್ಲಿ ಸುಗ್ಗಿ ಮುಗಿದು ಜನ ಚದುರಿರುತ್ತಾರೆ. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಅದನ್ನು ಕೇಳಿ ಪಡೆದೆವು. ಪೊಲೀಸ್ ದೂರಿಗೆ ಈ ಮೂರು ತಿಂಗಳ ಲೆಕ್ಕ ಇಲ್ಲ.

ಆಸಾಮಿ ಸಮಿತಿ ಮುಂದೆ "ಈಕೆ ನಮ್ಮಲ್ಲಿ ಕೆಲಸಾನೇ ಮಾಡಿಲ್ಲ" ಅಂದ. ಅವಳು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ತಾರೀಕು, ಡಬ್ಬ, ಪಕ್ಕದಲ್ಲಿ ಅವನದೇ ಸಹಿ. ನಾನು ಅಚ್ಚಿನಲ್ಲಿ ಸಹಿಗೆ ಒಂದು ಕಾಲಂ ಬಿಡಿಸಿದ್ದು ಇದಕ್ಕೇ. ವರದಿ ಅವಳ ಪರ ಬಂತು, ಪರಿಹಾರವೂ ಸಿಕ್ಕಿತು. ಕೋರ್ಟಿನ ಕೇಸು ನಡೆಯುತ್ತಿದೆ.

ನಡುವೆ ಬಸ್‌ಸ್ಟ್ಯಾಂಡಿನ ಹೆಂಗಸರ ಶೌಚಾಲಯದಲ್ಲಿ ಸ್ಟಿಕ್ಕರ್ ಅಂಟಿಸಿ ನೋಡಿದೆ. ಮಳೆಗಾಲದ ತಂಡಿಗೆ ವಾರದಲ್ಲೇ ಕಿತ್ತು ಬಂತು. ಬಾಗಿಲಿಗೇ ಪೇಂಟಿನಲ್ಲಿ ಬರೆಸಿದ್ದು ಮಾತ್ರ ಉಳಿದಿದೆ. ಈ ವರ್ಷ ಕೊಪ್ಪ, ಶೃಂಗೇರಿ ಕಡೆಯ ಕಾಫಿ ಕೊಯ್ಲಿನವರಿಗೆ ಕಿಲೋ ಲೆಕ್ಕದ ಚೀಟಿ ಮಾಡಿಸುತ್ತಿದ್ದೇನೆ. ನೀವೂ ಮಾಡಿಸುವುದಾದರೆ ನೊಂದ ಹೆಂಗಸರಿಗೆ ಎಲ್ಲ ನೆರವು ಒಂದೇ ಕಡೆ ಕೊಡುವ ನಿಮ್ಮ ಜಿಲ್ಲೆಯ ಸಖಿ ಕೇಂದ್ರದ ನಂಬರು ಸೇರಿಸಿ. ಅಚ್ಚಿಗೆ ಕೊಡುವ ಮೊದಲು ಅದಕ್ಕೆ ರಾತ್ರಿ ಹೊತ್ತು ಒಮ್ಮೆ ಫೋನ್ ಮಾಡಿ, ಎತ್ತುತ್ತಾರಾ ನೋಡಿಕೊಳ್ಳಿ.