ಹಳೆ ಮನೆಯಲ್ಲೂ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ನಿಲ್ಲುತ್ತದೆ

ಆರ್‌ಸಿಸಿಬಿ ಅಂದರೆ ಕರೆಂಟು ನೆಲಕ್ಕೆ ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು. ಎಷ್ಟು ಸೋರಿದರೆ ಕಡಿಯುತ್ತದೆ ಅನ್ನೋದು ಅದರ ಮಿಲಿ ಆಂಪಿಯರ್. ಹಳೆ ವೈರಿಂಗಿಗೆ 30 ಮಿಲಿ ಆಂಪಿಯರ್‌ನದ್ದು ತಡೆಯೋದಿಲ್ಲ, ಸುಮ್ಮನೆ ಬೀಳುತ್ತಿರುತ್ತದೆ, 100ರದ್ದು ಹಾಕಿ ಅಂತ ಕಸುಬಿನವರೇ ಹೇಳುತ್ತಿದ್ದರು. 100ರದ್ದು ಹಾಕಿದರೆ ಟ್ರಿಪ್ ಆಗೋದು ಕಡಿಮೆಯಾಗುತ್ತದೆ, ಆದರೆ ಮನುಷ್ಯನ ಜೀವ ಕಾಯೋಕೆ ಇರೋದು 30ರದ್ದೇ. ಮೈಸೂರಿನ ಸುಮಾರು ನಲವತ್ತು ವರ್ಷದ ಮನೆಯಲ್ಲಿ ಅದನ್ನೇ ಕೂರಿಸಿದೆ. ಈಗ ಮಳೆಗಾಲದಲ್ಲೂ ಗಟ್ಟಿಯಾಗಿ ನಿಂತಿದೆ.

ಈ ಮನೆಯಲ್ಲಿ ದೋಷವೆಲ್ಲ ನ್ಯೂಟ್ರಲ್‌ನದ್ದು, ಅಂದರೆ ಕರೆಂಟು ವಾಪಸು ಹೋಗುವ ವೈರಿನದ್ದು. ಯಾವುದೋ ಸಾಕೆಟ್ಟಿನಲ್ಲಿ ನ್ಯೂಟ್ರಲ್ಲು ಅರ್ತಿಗೆ ತಾಗಿದ್ದರೆ ಆ ಸರ್ಕ್ಯೂಟಿನ ಎಂಸಿಬಿ (ಲೋಡು ಮೀರಿದರೆ ಬೀಳುವ ಸ್ವಿಚ್ಚು) ಇಳಿಸಿದರೂ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಸಿಂಗಲ್ ಪೋಲ್ ಎಂಸಿಬಿ ಕಡಿಯೋದು ಫೇಸ್, ಅಂದರೆ ಕರೆಂಟು ಬರುವ ವೈರು ಮಾತ್ರ. ಬೇರೆ ಕೋಣೆಯ ಲೋಡಿನ ಕರೆಂಟಿನಲ್ಲಿ ಒಂದು ಪಾಲು ಆ ತಾಗಿದ ಜಾಗದ ಮೂಲಕ ಅರ್ತಿಗೆ ಹರಿಯುತ್ತದೆ. ಇಲ್ಲೇ ಬಹಳ ಜನ ಕೈಚೆಲ್ಲೋದು.

ಮೇನ್ ಇಳಿಸಿ, ಲೈನಿನಲ್ಲಿ ಕರೆಂಟಿಲ್ಲ ಅಂತ ಟೆಸ್ಟ್ ಮಾಡಿ, ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಫೇಸು, ನ್ಯೂಟ್ರಲ್ಲು ಎಲ್ಲ ಬಿಚ್ಚಿದೆ. ಟಿವಿ, ಯುಪಿಎಸ್, ಎಲ್‌ಇಡಿ ಎಲ್ಲ ಕಳಚಿ, 500 ವೋಲ್ಟ್ ಮೆಗ್ಗರಿನಲ್ಲಿ (ವೈರಿನ ಸೋರಿಕೆ ಅಳೆಯುವ ಮೀಟರು) ಒಂದೊಂದೇ ನ್ಯೂಟ್ರಲ್ಲನ್ನು ಅರ್ತಿಗೆ ನೋಡಿದೆ. ಓದು ಕಡಿಮೆಯಾದಷ್ಟೂ ಸೋರಿಕೆ ಹೆಚ್ಚು. ಒಂದು ಮೆಗಾಓಮ್‌ಗಿಂತ ಕೆಳಗಿದ್ದವು ಎರಡು: ಬಚ್ಚಲಿನ ಗೀಸರ್ ಲೈನು, ಹಿತ್ತಲ ದೀಪ. ಹಿತ್ತಲ ಬಾಕ್ಸಿನಲ್ಲಿ ಟೇಪು ಸುತ್ತಿದ ಜಾಯಿಂಟಿಗೆ ನೀರು ಇಳಿದಿತ್ತು.

ಇನ್ನೊಂದು ಪರೀಕ್ಷೆ: ನ್ಯೂಟ್ರಲ್ಲುಗಳ ನಡುವೆ ಕಂಟಿನ್ಯುಟಿ, ಅಂದರೆ ಒಂದಕ್ಕೊಂದು ತಾಗಿವೆಯೇ ಅಂತ. ಹಾಲ್‌ನದ್ದು ಮತ್ತು ಅಡುಗೆಮನೆಯದ್ದು ಒಳಗೆಲ್ಲೋ ಸೇರಿಕೊಂಡಿತ್ತು. ಒಂದೇ ಆರ್‌ಸಿಸಿಬಿ ಇದ್ದಾಗ ಇದು ಗೊತ್ತೇ ಆಗದು. ಲೈಟಿಗೊಂದು, ಪವರಿಗೊಂದು ಅಂತ ಬೇರೆ ಮಾಡಿದ ಕೂಡಲೇ ಎರಡೂ ಬೀಳುತ್ತವೆ. ಹಾಗಾಗಿ ಸೇರಿಕೊಂಡದ್ದನ್ನು ಬೇರ್ಪಡಿಸಿ, ಪ್ರತಿ ಆರ್‌ಸಿಸಿಬಿಗೂ ಪ್ರತ್ಯೇಕ ನ್ಯೂಟ್ರಲ್ ಬಾರ್ (ನ್ಯೂಟ್ರಲ್ಲುಗಳನ್ನು ಕೂಡಿಸುವ ಪಟ್ಟಿ) ಕೊಟ್ಟೆ.

ಲೈಟ್ ಸರ್ಕ್ಯೂಟು ಹತ್ತು ಪಾಯಿಂಟ್ ಅಥವಾ 800 ವ್ಯಾಟ್ ದಾಟದಂತೆ ಹಂಚಿ 1.5 ಚದರ ಮಿಲಿಮೀಟರ್ ವೈರು, 6 ಆಂಪಿಯರ್ ಎಂಸಿಬಿ. 16 ಆಂಪಿಯರ್ ಸಾಕೆಟ್ಟಿಗೆ 2.5, ಗೀಸರಿಗೆ 4. ಹೊಸ ವೈರನ್ನು ಹಳೆಯದಕ್ಕೇ ಕಟ್ಟಿ ಎಳೆದದ್ದರಿಂದ ಗೋಡೆ ಒಡೆದದ್ದು ಎರಡೇ ಕಡೆ. 

ಆರಿಸಿದ ಮೇಲೂ ಮಿಣುಕುತ್ತಿದ್ದ ಎಲ್‌ಇಡಿ ಬಲ್ಬುಗಳಲ್ಲಿ ಮೂರಕ್ಕೆ ಸ್ವಿಚ್ಚು ನ್ಯೂಟ್ರಲ್‌ನಲ್ಲಿತ್ತು. ಫೇಸಿಗೆ ಬದಲಿಸಿದಾಗ ಮಿಣುಕು ಹೋಯಿತು. ಉಳಿದ ಒಂದಕ್ಕೆ ಕಾರಣ ಸ್ವಿಚ್ಚಿನೊಳಗಿನ ಪುಟ್ಟ ಇಂಡಿಕೇಟರ್ ದೀಪ.

ಸಾಮಾನಿಗೆ ಹದಿನೆಂಟು ಸಾವಿರದ ಆಸುಪಾಸು. ಗೋಡೆ ಒಡೆದು ಪೂರ್ತಿ ಹೊಸದಾಗಿ ಮಾಡೋಕೆ ಬೇರೊಬ್ಬರು ಲಕ್ಷದ ಮೇಲೆ ಕೇಳಿದ್ದರು. ಮೇನ್ ಕಡೆಯ ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕು. ಆ ಖರ್ಚು ಇದರಲ್ಲಿ ಸೇರಿಲ್ಲ.