ಡೊಂಬಿವಲಿ ಲೋಕಲ್‌ನಲ್ಲಿ ಅಂಕಿ ಪೋಣಿಸುವ ಆಟ

ಮುಂಬೈ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿತೆಂದರೆ ಪಕ್ಕದವರು ಮೆಂತ್ಯ ಬಿಡಿಸುತ್ತಾರೆ, ನಾನು ಅಂಕಿ ಪೋಣಿಸುತ್ತೇನೆ.

7 ಬರೆಯಿರಿ. ಬಲಕ್ಕೆ ಒಂದೊಂದೇ ಅಂಕಿ ಅಂಟಿಸುತ್ತಾ ಹೋಗಿ. ಪ್ರತಿ ಸಲವೂ ಅವಿಭಾಜ್ಯ ಸಂಖ್ಯೆಯೇ (1 ಮತ್ತು ತನ್ನಿಂದ ಮಾತ್ರ ಭಾಗವಾಗುವುದು) ಬರಬೇಕು. 1, 3, 7, 9 ಬಿಟ್ಟು ಬೇರೆಯದನ್ನು ಮುಟ್ಟಲೇಬೇಡಿ. ಮೊದಲು ಅಂಕಿಗಳನ್ನು ಕೂಡಿ: ಮೊತ್ತ 3ರಿಂದ ಭಾಗವಾದರೆ ಅಲ್ಲಿಗೇ ಬಿಡಿ. ಆಮೇಲೆ 7, 11, 13 ಅಂತ ವರ್ಗಮೂಲದವರೆಗೆ ಭಾಗಿಸಿ ನೋಡುವ ಕೂಲಿ ಕೆಲಸ. 71ಕ್ಕೆ 3 ಅಂಟಿಸಿದಾಗ ಠಾಣೆಯಿಂದ ಘಾಟ್ಕೋಪರ್‌ವರೆಗೆ ಯಾಮಾರಿದ್ದೆ. ಹಾಳಾದ್ದು, 713 ಅಂದರೆ 23 × 31! 719 ಆದೀತು.

73ರ ಹಾದಿ ಹಿಡಿದರೆ ಮಜಾ: 739, 7393, 73939, 739391, 7393913, 73939133. ಈ ಆಟದಲ್ಲಿ ಇದಕ್ಕಿಂತ ದೊಡ್ಡದಿಲ್ಲ. 2, 3, 5, 7ರಿಂದ ಶುರುವಾಗುವ ಇಂಥವು, ಆ ನಾಲ್ಕೂ ಸೇರಿ, ಒಟ್ಟು 83 ಮಾತ್ರ. 73ರ ಹಾದಿಯ ಕೊನೆಯ ಮೂರನ್ನು ಮಗನ ಕಂಪ್ಯೂಟರ್‌ಗೆ ಒಪ್ಪಿಸಿದೆ. ಅಷ್ಟರಲ್ಲಿ ದಾದರ್ ಬಂದಿತ್ತು.