ಚಿಕ್ಕಮಗಳೂರಿನ ಹವೆಗೆ ಹೂಡಿ: ಯಾವುದು ತಗೋಬೇಕು, ಹೇಗೆ ಹಾಕಬೇಕು

ಹೂಡಿ, ಅಂದ್ರೆ ಟೋಪಿ ಇರೋ ಸ್ವೆಟ್‌ಶರ್ಟ್, ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಕೇಳಿ. ಪೇಟೆಯಲ್ಲಿ ದಿನವಿಡೀ ಹಾಕೋಕೆ 240ರಿಂದ 280 ಸಾಕು. ಒಳಗಡೆ ಟವೆಲ್ ಥರ ಸಣ್ಣ ಕುಣಿಕೆ ಇರೋ ಬಟ್ಟೆ ನೋಡಿ, ಮಧ್ಯಾಹ್ನದ ಬಿಸಿಲಿಗೂ ಅಷ್ಟು ಬೆವರಲ್ಲ. ಬೆಳಗಿನ ಜಾವ ಮುಳ್ಳಯ್ಯನಗಿರಿಗೆ ಹೊರಡೋರಿಗೆ 320ರ ಆಸುಪಾಸಿನ ಫ್ಲೀಸ್, ಅಂದ್ರೆ ಒಳಗಡೆ ಮೆತ್ತನೆ ನವಿರು ಇರೋ ಬಟ್ಟೆ. ಮಳೆಗಾಲದಲ್ಲಿ ಮಾತ್ರ ದಪ್ಪ ಕಾಟನ್ ಫ್ಲೀಸ್ ಬೇಡವೇ ಬೇಡ. ನೀರು ಹೀರಿ ಭಾರವಾಗುತ್ತೆ, ಬೇಗ ಒಣಗಲ್ಲ, ಮುಗ್ಗಲು ವಾಸನೆ ಬೇರೆ. ಪಾಲಿಯೆಸ್ಟರ್ ಬೆರೆತದ್ದೇ ವಾಸಿ.

ಹೂಡಿಯ ಕೆಳಗಿನ ರಿಬ್ (ಅಂಚಿನ ಹಿಗ್ಗೋ ಪಟ್ಟಿ) ಸೊಂಟದ ಮೂಳೆ ಹತ್ತಿರ ನಿಲ್ಲಬೇಕು. ತೊಡೆಗೆ ಇಳಿದರೆ ಕಾಲು ಗಿಡ್ಡ ಕಾಣುತ್ತೆ. ಹೂಡಿ ದೊಗಲೆ ಇದ್ದರೆ ಪ್ಯಾಂಟ್ ನೇರ ಕಟ್ಟಿನದಿರಲಿ.

ಮೇಲೆ ಡೆನಿಮ್ ಜಾಕೆಟ್ ಹಾಕೋದಾದ್ರೆ ಒಳಗೆ ತೆಳು ಹೂಡಿಯೇ ಆಗಬೇಕು. ಇಲ್ಲದಿದ್ದರೆ ಕಂಕುಳಲ್ಲಿ ಬಟ್ಟೆ ಮುದ್ದೆಯಾಗಿ ಬೈಕ್ ಹ್ಯಾಂಡಲ್ ಹಿಡಿಯೋಕೂ ಕಷ್ಟ. ಟೋಪಿಯನ್ನು ಕಾಲರ್ ಹೊರಗೆ ಎಳೆದುಬಿಡಿ. ಸ್ವೆಟ್‌ಶರ್ಟ್ ಒಳಗೆ ಶರ್ಟ್ ಹಾಕಿದರೆ ಕಾಲರ್ ಒಂದನ್ನೇ ತೋರಿಸಿ, ಕೆಳಗಡೆ ಒಂದಿಂಚಿಗಿಂತ ಜಾಸ್ತಿ ಇಣುಕಬಾರದು.

ಪ್ರಿಂಟ್ ಇರೋದನ್ನು ಒಳಮಗ್ಗುಲು ತಿರುವಿ ತಣ್ಣೀರಲ್ಲಿ ಒಗೆಯಿರಿ. ಒದ್ದೆ ಹೂಡಿಯನ್ನು ಹ್ಯಾಂಗರ್‌ಗೆ ಹಾಕಿದರೆ ನೀರಿನ ಭಾರಕ್ಕೆ ಭುಜ ಜೋತುಬೀಳುತ್ತೆ. ಹಗ್ಗದ ಮೇಲೆ ನಡುವಿಗೆ ಮಡಿಸಿ ಹಾಕಿ, ಟೋಪಿ ಬಿಡಿಸಿಡಿ, ಕೊನೆಗೆ ಒಣಗೋದು ಅದೇ.